ಕಿವಿ ಮಿಷನ್ನಿನ ಸೆಲ್ಲು

ನನಗೆ ಕಿವಿ ಕೇಳಿಸುವುದಿಲ್ಲ ಎನ್ನುವುದಕ್ಕಿಂತ, ನನ್ನ ಯಜಮಾನರು ಸೆಲ್ಲು ತಂದುಕೊಟ್ಟಾಗ ಕೇಳಿಸುತ್ತದೆ ಎನ್ನುವುದೇ ಸರಿ. ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ: ಗುರುಮಲ್ಲಪ್ಪ. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ, ಅದರ ಹಿಂದಿನ ಗಲ್ಲಿಯಲ್ಲೇ ಮನೆ.

ಮಗಳು ಪ್ರೇಮಲೀಲಾ ಹುಟ್ಟಿದ ವರ್ಷ ವಿಷಮಶೀತ ಜ್ವರ ಬಂದು ನನ್ನ ಕಿವಿ ಹೋಯಿತು. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಅವಳು ದಾವಣಿ ಹಾಕುವ ಹೊತ್ತಿಗೆ ನನ್ನ ತಮ್ಮ ಬೊಂಬಾಯಿಯಿಂದ ಒಂದು ಕಿವಿ ಮಿಷನ್ನು ತಂದುಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡ ಡಬ್ಬಿ. ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು, ತಂತಿಯ ತುದಿಯ ಗುಂಡಿಯನ್ನು ಕಿವಿಗಿಟ್ಟುಕೊಳ್ಳಬೇಕು. ಅದರ ಹೊಟ್ಟೆಗೆ ಬೆರಳಿನಷ್ಟು ಒಂದು ಸೆಲ್ಲು. ಟಾರ್ಚಿನ ಸೆಲ್ಲು ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು, ಇದು ಮಾತ್ರ ಬೆಂಗಳೂರಿನಿಂದ ಬರಬೇಕು. ತರಿಸುವವರು ಯಜಮಾನರು. ಅಲ್ಲಿಗೆ ನನ್ನ ಜುಟ್ಟು ಅವರ ಕೈಯಲ್ಲಿ.

ಸೆಲ್ಲಿನಲ್ಲಿ ಇನ್ನೆಷ್ಟು ಜೀವ ಉಳಿದಿದೆ ಎಂದು ನೋಡಲು ನನ್ನದೊಂದು ಉಪಾಯವಿತ್ತು. ಉಗುರಿನಿಂದ ಡಬ್ಬಿಯನ್ನು ಕೆರೆಯುವುದು. ಹೊಸ ಸೆಲ್ಲಾದರೆ ಎದುರಿಗೇ ಕಾಯಿ ತುರಿದ ಹಾಗೆ ಕೇಳಿಸುತ್ತಿತ್ತು, ಹಳತಾದರೆ ಪಕ್ಕದ ಮನೆಯಲ್ಲಿ ತುರಿದ ಹಾಗೆ. ಮನೆಮಂದಿಯದು ಬೇರೆ ಉಪಾಯ. ನನ್ನ ಬೆನ್ನ ಹಿಂದೆ ನಿಂತು ಸಣ್ಣ ದನಿಯಲ್ಲಿ "ಹಾಲು ಉಕ್ತು" ಅನ್ನುವುದು. ನಾನು ಎದ್ದು ಓಡಿದರೆ ಸೆಲ್ಲಿದೆ, ಕೂತಲ್ಲೇ ಕೂತರೆ ಸತ್ತಿದೆ. ಮೊದಲು ಅದೊಂದು ತಮಾಷೆ, ಶುರು ಮಾಡಿದವಳೇ ಪ್ರೇಮಲೀಲಾ. ನಾನು ಸೆರಗು ಸಿಕ್ಕಿಸಿಕೊಂಡು ಓಡಿ, ತಣ್ಣಗೆ ಕೂತಿದ್ದ ಹಾಲನ್ನು ನೋಡಿ ಅವಳನ್ನು ಬೈದು, ಜೊತೆಗೆ ನಕ್ಕಿದ್ದೂ ಉಂಟು. ಬರಬರುತ್ತಾ ಅದು ಮನೆಯ ಪದ್ಧತಿಯಾಯಿತು. ನಾನು ಓಡದಿದ್ದರೆ ಏನು ಬೇಕಾದರೂ ಮಾತಾಡಬಹುದು. ಗೋಡೆಗೂ ಕಿವಿಯಿದೆ ಎಂದು ದನಿ ತಗ್ಗಿಸುವ ಜನ ನನ್ನ ಮುಂದೆ ಮಾತ್ರ ತಗ್ಗಿಸುತ್ತಿರಲಿಲ್ಲ. ಆ ಮನೆಯಲ್ಲಿ ಗೋಡೆಗಿದ್ದ ಮರ್ಯಾದೆ ನನಗಿರಲಿಲ್ಲ.

ಪ್ರೇಮಲೀಲಾಗೆ ಕಡಕೊಳದಿಂದ ಗಂಡು ಬಂತು. ನಮ್ಮ ಅಂಗಡಿಯಿದ್ದ ಕಟ್ಟಡ ಹುಡುಗನ ಅಪ್ಪನದು. ಹುಡುಗ ಹೊಸ ಜಾವಾ ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದ, ನೋಡಲು ಲಕ್ಷಣವಾಗಿದ್ದ. ಅವಳು ಕಾಫಿ ಕೊಟ್ಟು ಒಳಗೆ ಬಂದವಳು ಬಾಗಿಲ ಸಂದಿಯಿಂದ ಮತ್ತೊಮ್ಮೆ ನೋಡಿದಳು. ನನಗೂ ಸಂತೋಷವಾಯಿತು. ಆದರೆ ಸರಿಯಾಗಿ ಆಗಲೇ ಸೆಲ್ಲು ಸತ್ತಿತ್ತು. ತರಿಸಿ ಎಂದು ಕೇಳಿದಾಗೆಲ್ಲ ಯಜಮಾನರು ಕೈಯಾಡಿಸಿ, ಬರುತ್ತೆ ಬರುತ್ತೆ ಅನ್ನುತ್ತಿದ್ದರು.

ಸತ್ತ ಸೆಲ್ಲನ್ನು ಎಸೆಯುವವಳಲ್ಲ ನಾನು. ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟರೆ ಇನ್ನೊಂದೆರಡು ರಾತ್ರಿ ಬರುತ್ತದೆಂದು ಯಾರಿಗೆ ಗೊತ್ತಿಲ್ಲ? ಮಾಳಿಗೆಯ ಮೇಲೆ ಸಂಡಿಗೆ ಹರಡಿದ್ದ ಪಂಚೆಯ ಮೂಲೆಯಲ್ಲಿ ಅದನ್ನೂ ಇಟ್ಟೆ. ಮಧ್ಯಾಹ್ನ ಮಿಷನ್ನಿಗೆ ಹಾಕಿ ಕೆರೆದು ನೋಡಿದೆ. ಕೇಳಿಸಿತು, ಪಕ್ಕದ ಮನೆಯಿಂದ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದಾದರೂ ಏನಿತ್ತು?

ನಡುಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಕೂತಿದ್ದೆ. ಯಜಮಾನರೂ ಅವರ ತಮ್ಮ ಜವರಪ್ಪನೂ ಬಂದು ನನ್ನ ಹಿಂದಿನ ಬೆಂಚಿನಲ್ಲಿ ಕೂತರು.

"ಹಾಲು ಉಕ್ತು," ಅಂದ ಜವರಪ್ಪ.

ಒಲೆಯ ಮೇಲೆ ಹಾಲೇ ಇರಲಿಲ್ಲ. ಸೆಲ್ಲು ತರಿಸದವರ ಆಟಕ್ಕೆ ನಾನ್ಯಾಕೆ ಓಡಲಿ ಎಂದು ಹಠಕ್ಕೆ ಕೂತೇ ಇದ್ದೆ.

"ಸತ್ತೋಗದೆ ಬುಡಣ್ಣ. ಆ ಮಂಡಕಳ್ಳಿ ವಿಚಾರ ನಿಜಾನೇ ಕಣಣ್ಣ. ಕಣ್ಣಾರೆ ನೋಡ್ಕಂಡ್ ಬಂದೆ. ಹುಡುಗ ಅಲ್ಲೊಬ್ಬಳ್ನ ಮನೆ ಮಾಡಿ ಇಟ್ಟವ್ನೆ. ಗಂಡು ಮಗೂನೂ ಅದೆ."

ಯಜಮಾನರು ಎದ್ದು ಒಳಬಾಗಿಲ ಕಡೆ ಇಣುಕಿ ಬಂದರು. "ಪ್ರೇಮಂಗೆ ಗೊತ್ತಾಗೋದು ಬೇಡ," ಅಂದರು. "ಮದುವೆ ಆದ್ಮೇಲೆ ಎಲ್ಲಾ ಸರಿಹೋಯ್ತದೆ. ಈಗ ಬೇಡ ಅಂದ್ರೆ ನಾಳೆನೇ ಅಂಗಡಿ ಖಾಲಿ ಮಾಡು ಅಂತಾರೆ."

ಮೊರ ನೆಲಕ್ಕೆ ಬಿತ್ತು. ಅಕ್ಕಿಯೆಲ್ಲ ಚೆಲ್ಲಿತು. "ನಿಮ್ಮ ಅಂಗಡಿ ಬಾಡಿಗೆಗೆ ನನ್ನ ಮಗಳನ್ನ ಕೊಡ್ತೀರಾ?" ಎಂದು ಕೂಗಿದೆ. ಕಿವುಡರಿಗೆ ತಮ್ಮ ದನಿಯ ಅಳತೆ ಗೊತ್ತಾಗುವುದಿಲ್ಲ, ಗಲ್ಲಿಗೆಲ್ಲ ಕೇಳಿಸಿರಬೇಕು. ಪ್ರೇಮಲೀಲಾ ಓಡಿಬಂದಳು. ಮಂಡಕಳ್ಳಿಯ ಹೆಂಗಸು, ಮಗು, ಎಲ್ಲವನ್ನೂ ಅವಳ ಮುಂದೆ ಹೇಳಿದೆ.

ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಅವರು ವ್ಯಾಪಾರಸ್ಥರು. ನನ್ನ ರವಿಕೆಯಿಂದ ಇಣುಕುತ್ತಿದ್ದ ತಂತಿಯ ಮೇಲೆ ಕಣ್ಣು ಬಿತ್ತು, ಮುಖ ತಿಳಿಯಾಯಿತು.

"ಸೆಲ್ಲು ಸತ್ತು ಎಷ್ಟು ದಿನ ಆಯ್ತು ಅಂತ ನಿಂಗೇ ಗೊತ್ತಲ್ಲಮ್ಮ," ಅಂದರು ಮಗಳಿಗೆ. "ನಿಮ್ಮವ್ವಂಗೆ ಅರ್ಧ ಕೇಳಿಸ್ತದೆ, ಇನ್ನರ್ಧ ತಾನೇ ಹೊಲ್ಕತಾಳೆ. ಬೇಕಾದ್ರೆ ನೀನೇ ನೋಡು."

ಆ ಕೊನೆಯ ಮಾತು ನನಗೆ ಬಾವಿಯೊಳಗಿಂದ ಬಂದಂತಿತ್ತು. ಬಿಸಿಲು ಕೊಟ್ಟಿದ್ದ ಜೀವ ಮುಗಿಯುತ್ತಾ ಬಂದಿತ್ತು. ಪ್ರೇಮಲೀಲಾ ನನ್ನ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿಸಿದಳು.

"ತಡಿಯೇ, ಬಿಸಿಲಿಗೆ ಇಟ್ಟಿದ್ದೆ ಕಣೇ, ಸಂಡಿಗೆ ಜೊತೆ ಇಟ್ಟಿದ್ದೆ," ಅಂದೆ. ಈ ಮಾತು ಕೇಳಿದರೆ ಯಾರಿಗಾದರೂ ಹುಚ್ಚಿ ಎಂದೇ ಅನ್ನಿಸುತ್ತದೆ.

ಗೋಡೆಯ ಕ್ಯಾಲೆಂಡರಿನ ಬಸವಣ್ಣನನ್ನು ನೋಡುತ್ತಾ ನಿಂತೆ. ಡಬ್ಬಿಯ ಮೇಲಿದ್ದ, ದನಿ ಏರಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಉಗುರಿನಿಂದ ಡಬ್ಬಿಯನ್ನು ಕೆರೆದೆ, ಮತ್ತೆ ಕೆರೆದೆ. ಏನೂ ಇಲ್ಲ. ತಡೆಯಲಾರದೆ ತಿರುಗಿದಾಗ ಜವರಪ್ಪ ನಗುತ್ತಿದ್ದ. ಪ್ರೇಮಲೀಲಾ ಅಳುತ್ತಾ ಬಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ಹಾಲು ಉಕ್ತು ಅಂದೆ ಕಣವ್ವ. ಅವ್ವಾ ಅಂತಲೂ ಕರೆದೆ. ನಿಂಗೆ ಕೇಳಿಸಲೇ ಇಲ್ಲ."

ನಾನು ಬಿಡಲಿಲ್ಲ. ಯಾರನ್ನಾದರೂ ಮಂಡಕಳ್ಳಿಗೆ ಕಳಿಸಿ ವಿಚಾರಿಸಿ ಎಂದು ಊಟ ಬಿಟ್ಟು ಕೂತೆ. ಆಗಲಿ ಎಂದು ಕಳಿಸಿದರು, ಜವರಪ್ಪನನ್ನೇ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅಂಥದ್ದೇನೂ ಇಲ್ಲ ಅತ್ತಿಗೆ ಎಂದು ನನ್ನ ಕಿವಿಯಲ್ಲಿ ಕೂಗಿ, ನನ್ನ ಕೈಯಲ್ಲೇ ನೀರು ಇಸಿದುಕೊಂಡು ಕುಡಿದ. ನನ್ನ ಮಗಳು ಅವನನ್ನು ನಂಬಿದಳು. ಅವಳಿಗೆ ನಂಬುವ ಆಸೆಯಿತ್ತು, ಅದನ್ನು ತಪ್ಪು ಅನ್ನಲಾರೆ.

ಮದುವೆ ಮುಗಿದ ಮಾರನೆಯ ದಿನ ಯಜಮಾನರು ಒಂದು ಪೆಟ್ಟಿಗೆ ತುಂಬ ಸೆಲ್ಲು ತಂದು ನನ್ನ ಮುಂದಿಟ್ಟರು. ಕೇಳಿಸಿಕೊಳ್ಳಬೇಕಾದ್ದೆಲ್ಲ ಮುಗಿದ ಮೇಲೆ.

ಮೊದಲ ದೀಪಾವಳಿಗೆ ಪ್ರೇಮಲೀಲಾ ಒಬ್ಬಳೇ ಬಂದಳು. ಅಳಿಯಂದಿರಿಗೆ ಕೆಲಸವಂತೆ. ಅವಳಪ್ಪ ಮುಂದಕ್ಕೆ ಏನೂ ಕೇಳಲಿಲ್ಲ. ನಾನು ಕೇಳಿದೆ. "ಚೆನ್ನಾಗಿದ್ದೀನಿ ಕಣವ್ವ," ಅಂದಳು ನನ್ನ ಮುಖ ನೋಡಿ. ಕತ್ತು ಕಡ್ಡಿಯಾಗಿತ್ತು, ಕಣ್ಣ ಕೆಳಗೆ ಕಪ್ಪು. ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಮಾರನೆಯ ಬೆಳಿಗ್ಗೆ ಹೊಸ ಸೆಲ್ಲು ಹಾಕಿಕೊಂಡು ಒಲೆಯ ಮುಂದೆ ಪಾಯಸ ತಿರುವುತ್ತಿದ್ದೆ. ಹಿಂದೆ ಕಾಲುಂಗುರದ ಸದ್ದು ಬಂದು ಬಾಗಿಲಲ್ಲಿ ನಿಂತಿತು.

"ಹಾಲು ಉಕ್ತು," ಅಂದಳು, ಸಣ್ಣ ದನಿಯಲ್ಲಿ.

ಇನ್ನೇನು ತಿರುಗಬೇಕು, ಅಷ್ಟರಲ್ಲಿ ತಡೆದುಕೊಂಡೆ. ತಿರುಗಿದರೆ ಮತ್ತೆ ಚೆನ್ನಾಗಿದ್ದೀನಿ ಅನ್ನುತ್ತಾಳೆ. ಸೌಟು ಆಡಿಸುತ್ತಲೇ ಇದ್ದೆ.

ಅವಳು ಸ್ವಲ್ಪ ಕಾದಳು. ಆಮೇಲೆ ನನ್ನ ಬೆನ್ನಿಗೆ ಹೇಳಿದಳು: "ನೀನು ಕೇಳಿಸ್ಕಂಡಿದ್ದು ನಿಜ ಕಣವ್ವ. ಅವರು ರಾತ್ರಿ ಮನೇಗೇ ಬರಲ್ಲ. ಕೇಳಿದ್ರೆ ಹೊಡೀತಾರೆ." ಮೂಗು ಒರೆಸಿಕೊಂಡಳು. "ಅವತ್ತು ಅಷ್ಟು ಕರೆದೆನಲ್ಲ, ಯಾಕವ್ವ ತಿರುಗ್ಲಿಲ್ಲ ನೀನು?"

ಹೊಸ ಸೆಲ್ಲು. ಅವಳು ಬಿಕ್ಕಿದ್ದೆಲ್ಲ ಒಂದೂ ತಪ್ಪದೆ ಕೇಳಿಸಿತು.