ಬೆರಳ ಹಾಜರಿ

“ಬೆರಳ ಎತ್ತಂದ್ರ ಕೊಕ್ಕಿ ತೋರಸ್ತಾಳ, ರಂಡೆ. ಮೂರೋ ನಾಕೋ? ನೆಟ್ಟಗ ಎತ್ತ.”

ಗಿರಣಿಯ ಲೆಕ್ಕ ಬರೆಯುವ ದಿವಾಣಜಿ ಸಿದ್ದರಾಯ ಗಾಜಿನ ಕಿಟಕಿಯ ಆಚೆ ಕುಳಿತು ಬಯ್ಯುತ್ತಿದ್ದ. ಯಮುನವ್ವನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೂ ಎಲ್ಲವೂ ತಿಳಿಯಿತು. ನಲವತ್ತೆಂಟು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕಳೆದವರಿಗೆ ಬೈಗುಳವನ್ನು ತುಟಿಯ ಮೇಲೆಯೇ ಓದುವ ವಿದ್ಯೆ ತಾನಾಗಿ ಬರುತ್ತದೆ. ರಂಡೆ ಎನ್ನುವಾಗ ಸಿದ್ದರಾಯನ ಬಾಯಿ ಬಲಕ್ಕೆ ಸೊಟ್ಟಗಾಗುತ್ತಿತ್ತು. ಯಮುನವ್ವ ಎಡಗೈಯಿಂದ ಬಲಗೈಯ ಉಂಗುರ ಬೆರಳನ್ನು ಹಿಡಿದೆತ್ತಿ ನೇರ ಮಾಡಿ, ನಾಲ್ಕು ಎಂದು ತೋರಿಸಿದಳು.

ಆ ಬೆರಳು ತಾನಾಗಿ ನೇರವಾಗುವುದಿಲ್ಲ. ಆರು ವರ್ಷಗಳ ಹಿಂದೆ, ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಯಂತ್ರ ಅದನ್ನು ನೂಲಿನ ಜೊತೆಗೆ ಎಳೆದುಕೊಂಡು ಗಿಣ್ಣು ಮುರಿದಿತ್ತು. ಅಂದು ಮಾಲೀಕ ಆಬಾಸಾಹೇಬ ಅವಳಿಗೆ ಒಂದು ಕಪ್ ಚಹಾ ಕುಡಿಸಿ, ಬೆರಳಿಗೆ ಚಿಂದಿ ಸುತ್ತಿಸಿ, ಮಧ್ಯಾಹ್ನದ ನಂತರ ಅದೇ ಯಂತ್ರದ ಮುಂದೆ ಕೂರಿಸಿದ್ದ.

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಆ ಗಿರಣಿಯಲ್ಲಿ ಸೋಮವಾರವೆಂದರೆ ಹಾಜರಿಯ ದಿನ. ಸಿದ್ದರಾಯ ತನ್ನ ಫೋನಿನಲ್ಲಿ ಒಬ್ಬೊಬ್ಬರ ಹೆಸರನ್ನು ಒತ್ತಿದಂತೆ ಅವರವರ ಫೋನಿಗೆ ಆರು ಅಂಕಿಗಳು ಬರುತ್ತಿದ್ದವು. ಆ ಅಂಕಿಗಳನ್ನು ಅವನಿಗೆ ಹೇಳಬೇಕು. ಹೇಳಿದರೆ ವಾರದ ಹಾಜರಿ ಏರಿತು, ಇಲ್ಲವಾದರೆ ಇಲ್ಲ. ಆದರೆ ಆ ಸದ್ದಿನಲ್ಲಿ ಹೇಳುವುದು ಹೇಗೆ? ಮಗ್ಗ ನಿಲ್ಲಿಸಲು ಆಬಾಸಾಹೇಬ ಒಪ್ಪುವವನಲ್ಲ. ಹಾಗಾಗಿ ನಲವತ್ತು ಹೆಂಗಸರು, ಇಪ್ಪತ್ತು ಗಂಡಸರು ಗಾಜಿನ ಮುಂದೆ ಸಾಲು ನಿಂತು ಬೆರಳುಗಳಲ್ಲಿ ಅಂಕಿ ತೋರಿಸುತ್ತಿದ್ದರು. ಐದಕ್ಕೆ ಒಂದು ಕೈ, ಒಂಬತ್ತಕ್ಕೆ ಎರಡು ಕೈ, ಸೊನ್ನೆಗೆ ಹೆಬ್ಬೆರಳು ತೋರುಬೆರಳು ಸೇರಿಸಿದ ಉಂಗುರ. ಸಿದ್ದರಾಯ ಅಂಗೈ ಎತ್ತಿ, ಬೆರಳುಗಳನ್ನು ಎರಡು ಸಲ ಮಡಚಿದನೆಂದರೆ ಮುಂದಿನವರು ಬರಬೇಕು.

ಅದೇ ಗಾಜಿನ ಮೂಲೆಯಲ್ಲಿ ಮರಾಠಿಯ ಒಂದು ಕಾಗದ ಅಂಟಿಸಿತ್ತು. ಯಮುನವ್ವನಿಗೆ ಅಕ್ಷರ ಬಾರದು. ಅಂಕಿ ಮಾತ್ರ ಬರುತ್ತಿತ್ತು, ಅದೂ ನೂಲಿನ ನಂಬರು ಗುರುತಿಸಿ ಗುರುತಿಸಿ ಕಲಿತದ್ದು. ಪಕ್ಕದ ಯಂತ್ರದ ಅಲಕಾ ಏಳನೆಯ ಇಯತ್ತೆ ಕಲಿತವಳು. ಯಮುನವ್ವನನ್ನು ಮಾವಶಿ, ಚಿಕ್ಕಮ್ಮ ಎನ್ನುತ್ತಿದ್ದ ಅವಳೇ ಒಮ್ಮೆ ಓದಿ ಹೇಳಿದ್ದಳು.

“ಫೋನಿಗೆ ಬಂದ ನಂಬರ್ ಯಾರಿಗೂ ಹೇಳಬ್ಯಾಡ್ರಿ ಅಂತ ಬರ್ದಾರ ಮಾವಶಿ.”

“ಯಾರಿಗೂ ಅಂದ್ರ?”

“ಯಾರಿಗೂ.”

“ಮತ್ತ ನಾವ್ ಈ ಗಾಜಿನ ಮುಂದ ಏನ್ ಭರತನಾಟ್ಯ ಮಾಡಾಕತ್ತೇವೇನ?”

ಅಲಕಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಇಬ್ಬರೂ ನಕ್ಕು ಕೆಲಸಕ್ಕೆ ಕುಳಿತಿದ್ದರು.

ಆ ಫೋನಾದರೂ ಯಮುನವ್ವನಿಗೆ ಬೇಕಾಗಿದ್ದಲ್ಲ. ಹಾಜರಿಗೆ ದೊಡ್ಡ ಫೋನೇ ಆಗಬೇಕೆಂದು ಸಿದ್ದರಾಯ ಹಟ ಹಿಡಿದಾಗ ಕೊಂಡಿದ್ದು. ಒಂದು ಗುರುವಾರ ಮಧ್ಯಾಹ್ನ ಅದು ಮಡಿಲಲ್ಲಿ ನಡುಗಿತು. ತೆಗೆದು ಒತ್ತಿದರೆ ತೆರೆಯ ಮೇಲೆ ಒಬ್ಬ ಗಂಡಸಿನ ಮುಖ. ನೀಲಿ ಅಂಗಿ, ಕೊರಳಲ್ಲಿ ಬಿಲ್ಲೆ, ಹಿಂದೆ ಕಬ್ಬಿಣದ ಕಪಾಟು. ಅವನು ಏನೋ ಹೇಳಿದ. ಮಗ್ಗಗಳು ಅದನ್ನು ನುಂಗಿದವು. ಆಗ ಅವನು ಒಂದು ಕಾಗದ ಎತ್ತಿ ಹಿಡಿದ. ಮೇಲೆ ಏನೇನೋ ಅಕ್ಷರ. ಕೆಳಗೆ ದಪ್ಪಗೆ ನಲವತ್ತೊಂದು. ನಲವತ್ತೊಂದು ಯಮುನವ್ವನ ಹಾಜರಿಯ ಸಂಖ್ಯೆ. ಅದು ಸಿದ್ದರಾಯನ ಮೇಜಿನ ಖಾನೆಯಲ್ಲಿದ್ದ ಪಟ್ಟಿಯಲ್ಲಿ ಬಿಟ್ಟು ಬೇರೆಲ್ಲಿಯೂ ಇರಲಿಲ್ಲ. ಫೋನು ಮತ್ತೊಮ್ಮೆ ನಡುಗಿ ತೆರೆಯ ನೆತ್ತಿಯಲ್ಲಿ ಆರು ಅಂಕಿಗಳು ಬಂದು ನಿಂತವು. ಆ ಗಂಡಸು ಅಂಗೈ ಎತ್ತಿ, ಬೆರಳುಗಳನ್ನು ಎರಡು ಸಲ ಮಡಚಿದ.

ಯಮುನವ್ವ ಫೋನನ್ನು ಕಂಡಿಕೆಯ ಬುಟ್ಟಿಗೆ ಆನಿಸಿಟ್ಟು ಎರಡೂ ಕೈ ಎತ್ತಿದಳು. ಏಳು. ಸೊನ್ನೆ. ನಾಲ್ಕು ಬಂದಾಗ ಎಡಗೈಯಿಂದ ಮುರಿದ ಬೆರಳನ್ನು ನೇರ ಮಾಡಿದಳು. ಅವನು ಬಯ್ಯಲಿಲ್ಲ. ಅವಸರ ಮಾಡಲಿಲ್ಲ. ಪ್ರತಿ ಅಂಕಿಗೂ ತಲೆಯಾಡಿಸಿ, ಕೊನೆಗೆ ಕೈ ಮುಗಿದ. ಆಫೀಸಿಗೆ ಹೊಸಬನಿರಬೇಕು, ಒಳ್ಳೆಯವನಿದ್ದಾನೆ ಎಂದುಕೊಂಡು ಅವಳು ಮುಂದಿನ ಕಂಡಿಕೆ ಏರಿಸಿದಳು.

ಸಂಜೆಗೆ ಫೋನು ಸತ್ತಿತು. ಕರೆ ಬರಲೂ ಇಲ್ಲ, ಹೋಗಲೂ ಇಲ್ಲ. ಸಿದ್ದರಾಯನಿಗೆ ತೋರಿಸಿದರೆ, “ಕರೆನ್ಸಿ ಮುಗದಿರ್ತೈತಿ. ಬರೇ ಮಾತಾಡಾಕ ಹೊಟ್ಟಿ ತುಂಬೂದಿಲ್ಲ ನಿಮಗ,” ಎಂದ. ಮುಂದಿನ ಮೂರು ಸೋಮವಾರ ಅಂಕಿ ಬರಲಿಲ್ಲ, ಹಾಜರಿಯೂ ಏರಲಿಲ್ಲ. ಯಮುನವ್ವ ದುಡಿದದ್ದು ಮಾತ್ರ ದಿನಾಲೂ ದುಡಿದಳು.

ನಾಲ್ಕನೆಯ ವಾರ ಹವಾಲ್ದಾರ ಬಂದ. ಚಹಾದ ಹೊತ್ತು, ಹೆಂಗಸರೆಲ್ಲ ಅಂಗಳದ ನಲ್ಲಿಯ ಸುತ್ತ ಇದ್ದರು. ಅವನು ಬೈಕಿನಿಂದ ಇಳಿಯದೆಯೇ ಕೇಳಿದ.

“ಹಲಕರ್ಣಿ ಯಮುನವ್ವ ಕೋಣ? ಯಾರ ನಿಮ್ಮೊಳಗ?”

“ನಾನ್ರಿ.”

ಅವನು ಅವಳನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದ. “ಹಿಂಗ ನೂಲ ಮೆತ್ತಗೊಂಡ ಕುಂತ ಗಡಹಿಂಗ್ಲಜದ ಮುದುಕಿನ್ನ ಲುಟ್ತಿಯೇನ? ಪೆನ್ಶನ್ ಖಾತೆ ಸಾಫ್ ಮಾಡೀರಿ. ಫೋನ್ ಹೋಗಿದ್ದ ನಿನ್ನ ನಂಬರ್‌ನಿಂದ, ಹೆಸರ ಬಂದಿದ್ದ ನಿಂದ. ಸಂಗಡ ಯಾರ್ಯಾರ ಅದಾರ?”

“ನನ್ನ ಫೋನ್ ಸತ್ತ ತಿಂಗಳಾತ್ರಿ ಸಾಹೇಬ್ರ. ಅದರಾಗ ಉಸರs ಇಲ್ರಿ.”

“ನಿನ್ನ ಫೋನ್ ಸತ್ತೈತಿ. ನಂಬರ್ ಜಿಂದಾ ಐತಿ. ಇನ್ನೊಬ್ಬನ ಕಿಸೆದಾಗ ಕುಂತೈತಿ. ಫೋನಿಗೆ ಬಂದ ಆರ ಅಂಕಿ ಹೇಳಿದ್ರ ನಂಬರ್ ಇನ್ನೊಬ್ಬನ ಸಿಮ್ಮಿಗೆ ಹೋಗ್ತೈತಿ. ಯಾರಿಗೆ ಹೇಳಿದಿ?”

“ಹೇಳಿಲ್ರಿ. ನನ್ನ ಹಾಜರಿ ನಂಬರ್ ನಲವತ್ತೊಂದ ಬರದ ಹಿಡದಿದ್ದ, ಗಿರಣ್ಯಾಗ ತೋರಸೂವಂಗ ಬೆರಳಲೆ ತೋರಿಸಿನ್ರಿ.”

ಹವಾಲ್ದಾರ ನಕ್ಕ. ಬಾಗಿಲಲ್ಲಿ ನಿಂತಿದ್ದ ಸಿದ್ದರಾಯನೂ ನಕ್ಕ, ಆದರೆ ಅವನ ನಗೆ ಬೇಗ ನಿಂತಿತು. ಹವಾಲ್ದಾರ ತನ್ನ ಫೋನಿನಲ್ಲಿ ಯಾರಿಗೋ ಕರೆ ಹಚ್ಚಿ, ಅವಳ ಬಾಯಿಯ ಮುಂದೆ ಹಿಡಿದ. “ಮಾತಾಡ. ಧ್ವನಿ ಅದs ಹೌದೋ ಅಲ್ಲೋ ಮುದುಕಿ ಹೇಳ್ಲಿ.”

“ಯವ್ವಾ,” ಎಂದಳು ಯಮುನವ್ವ. ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. “ನಾ ಯಮುನವ್ವ ಅಂತ.”

ಆ ಕಡೆಯಿಂದ ಮುದಿ ದನಿಯೊಂದು ಅಚ್ಚ ಗಡಿನಾಡಿನ ಕನ್ನಡದಲ್ಲಿ ಬಂತು. “ನಿನ್ನ ಕೈಗೆ ಹುಳ ಬೀಳ್ಲಿ. ಮಾತಾಡ್ದಂವ ಗಂಡಸ, ಹೆಸರ ನಿಂದಿತ್ತ. ಹೆಣ್ಣಿನ ಹೆಸರ ಕಂಡs ನಾ ಫೋನ್ ಎತ್ತೀನಿ. ನಾ ಜಿನಮತಿ ಯಾರ ಅನ್ನಾನೂ ಕಸದಾಕಿ ಅಲ್ಲ, ನನ್ನ ಅನ್ನ ತಿಂದ ನೀ ಉದ್ಧಾರ ಆಗೂದಿಲ್ಲ.”

ಕರೆ ತುಂಡಾಯಿತು. ನಲ್ಲಿಯ ಬಳಿ ಯಾರೂ ಚಹಾ ಕುಡಿಯಲಿಲ್ಲ. ಇಷ್ಟು ವರ್ಷ ಯಮುನವ್ವನನ್ನು ಎಷ್ಟೋ ಜನ ಬಯ್ದಿದ್ದರು. ಕಳ್ಳಿ ಎಂದು ಯಾರೂ ಶಪಿಸಿರಲಿಲ್ಲ.

“ಬರೂ ಮಂಗಳವಾರ ಠಾಣೆಗೆ ಬಾ,” ಹವಾಲ್ದಾರ ಬೈಕಿಗೆ ಕಿಕ್ ಹೊಡೆದ. “ಗಿರಣಿದವರು ಹಿಂಗ ಬೆರಳಲೆ ನಂಬರ್ ತಗೋತಾರ, ನಿನ್ನ ಹಾಜರಿ ನಂಬರ್ ಅವರ ಪಟ್ಟಿದಾಗಿಂದs ಹೊರಗ ಹೋಗೈತಿ ಅಂತ ಮಾಲಕನ ಚಿಟ್ಟಿ ತಗೊಂಡ ಬಾ. ಇಲ್ಲಂದ್ರ ಕಾಗದದಾಗ ಮೊದಲನೇ ಹೆಸರ ನಿಂದs.”

ಅಂದೇ ಆಬಾಸಾಹೇಬ ಅವಳನ್ನು ಕ್ಯಾಬಿನ್ನಿಗೆ ಕರೆಸಿದ. ತಂಪು ಗಾಳಿಯ ಯಂತ್ರದ ಕೆಳಗೆ ನಿಂತರೆ ಅವಳ ಬೆವರು ಒಮ್ಮೆಲೇ ಹಿಮವಾಯಿತು. ಸಾಕ್ಷಿಗೆಂದು ಅಲಕಾಳನ್ನೂ ಕರೆದಿದ್ದರು. ಮೇಜಿನ ಮೇಲೆ ಹೆಬ್ಬೆಟ್ಟಿನ ಶಾಯಿಡಬ್ಬಿ ಬಾಯಿ ತೆರೆದಿತ್ತು. ಪಕ್ಕದಲ್ಲಿ ಟೈಪು ಮಾಡಿದ ಕಾಗದ.

“ಹೇ ಬಘ್, ಇಲ್ನೋಡ ಯಮುನವ್ವ,” ಆಬಾಸಾಹೇಬನ ದನಿ ಮೆತ್ತಗಿತ್ತು. “ನೀ ನಮ್ಮ ಮನಿ ಮನಷ್ಯಾಳಿದ್ದಂಗ. ಚಿಟ್ಟಿ ತಯಾರ್ ಐತಿ. ಹೆಬ್ಬಟ್ಟ ಒತ್ತ, ವಕೀಲನ್ನ ನಾ ನೋಡ್ಕೋತೇನಿ.”

“ಏನಂತ ಬರ್ದೀರಿ ಸಾವಕಾರ್ರ?”

“ನೀ ಮೋಸ ಹೋದಿ ಅಂತ. ಅಷ್ಟs,” ಎಂದ ಸಿದ್ದರಾಯ.

ಅಲಕಾ ಕುತ್ತಿಗೆ ಚಾಚಿದಳು. ಅವಳ ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು. ಯಮುನವ್ವ ಕಾಗದವನ್ನು ಬಿಟ್ಟು ಆ ತುಟಿಗಳನ್ನೇ ನೋಡಿದಳು. ಅಪರಿಚಿತ ಮನುಷ್ಯನಿಗೆ ನಾನು ಸ್ವಂತ ಇಚ್ಛೆಯಿಂದ ನಂಬರು ಕೊಟ್ಟೆನು. ಗಿರಣಿಯಲ್ಲಿ ನಂಬರು ಕೇಳುವ ಪದ್ಧತಿಯಿಲ್ಲ. ಗಿರಣಿಗೂ ಇದಕ್ಕೂ ಸಂಬಂಧವಿಲ್ಲ.

“ಪದ್ಧತಿ ಇಲ್ಲೇನ್ರಿ?” ಯಮುನವ್ವ ಕೇಳಿದಳು.

ಆಬಾಸಾಹೇಬ ಅಲಕಾಳ ಕಡೆಗೆ ಒಮ್ಮೆ ನೋಡಿದ; ಅವಳು ತುಟಿ ಬಿಗಿದು ತಲೆ ಬಗ್ಗಿಸಿದಳು. “ಗಾಜಿಗೆ ಪಾಟಿ ಹಚ್ಚೇವಿಲ್ಲ? ಯಾರಿಗೂ ಹೇಳಬ್ಯಾಡ್ರಿ ಅಂತ ಎಷ್ಟ ದಪ್ಪ ಬರಸೇವಿ. ನಿಮಗ ಅಕ್ಕಲ್ ಇಲ್ಲದಿದ್ರ ನಾ ಏನ್ ಮಾಡ್ಲಿ? ಎತ್ತಿಗೆ ಪಾಟಿ ಓದಾಕ ಬರ್ತೈತೇನ?”

“ಒಂದ ಕೇಳ್ತೇನ್ರಿ. ನಲವತ್ತೊಂದ ಅಂತ ಆ ಸೂಳಿಮಗಗ ಹೆಂಗ ಗೊತ್ತಾತ್ರಿ? ಕೈ ಮಡಚೂದ ಯಾರ ಕಲಸಿದ್ರ ಅವಂಗ?”

ಸಿದ್ದರಾಯ ಶಾಯಿಡಬ್ಬಿಯ ಮುಚ್ಚಳವನ್ನು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ.

“ಸೋಮವಾರತನಕ ಟೈಮ್ ಐತಿ,” ಆಬಾಸಾಹೇಬನ ದನಿಯ ಮೆತ್ತನೆ ಹೋಗಿತ್ತು. “ಹೆಬ್ಬಟ್ಟ ಒತ್ತಿದ್ರ ಯಂತ್ರದ ಮುಂದ ಕುಂಡರ್ತಿ. ಇಲ್ಲಂದ್ರ ಜೇಲಿನ್ಯಾಗ ಕುಂಡರ್ತಿ. ಹೋಗ ಈಗ, ಕಂಡಿಕಿ ಇಲ್ದ ಮಗ್ಗ ನಿಂತಾವ.”

ಹೊರಗೆ ಬಂದ ಮೇಲೆ ಅಲಕಾ ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದಳು: “ಒತ್ತಬ್ಯಾಡ ಮಾವಶಿ. ಒತ್ತಿದಿ ಅಂದ್ರ ಕಳ್ಳಿ ನೀನs ಆಗ್ತಿ.”

“ಒತ್ತಲಿಲ್ಲಂದ್ರ?”

ಅಲಕಾ ಅವಳ ಸೊಟ್ಟ ಬೆರಳನ್ನು ಒಮ್ಮೆ ಹಿಡಿದು ಬಿಟ್ಟು ತನ್ನ ಯಂತ್ರಕ್ಕೆ ಹೋದಳು.

ಸೋಮವಾರ ಗಾಜಿನ ಮುಂದೆ ಸಾಲು ನಿಂತಿತು. ಒಳಗೆ ಅಂದು ಆಬಾಸಾಹೇಬನೂ ಕುಳಿತಿದ್ದ. ಕಾಗದ, ಶಾಯಿಡಬ್ಬಿ ಮೇಜಿನ ಮೇಲೆ ಸಿದ್ಧವಾಗಿದ್ದವು. ಯಮುನವ್ವ ಎಲ್ಲರಿಗಿಂತ ಮೊದಲು ನಿಂತಳು. ಅವಳ ಕೈಯಲ್ಲಿ ಫೋನು ಇರಲಿಲ್ಲ. ಸಿದ್ದರಾಯ ಒಳಗಿನಿಂದ ಕಾಗದ ಎತ್ತಿ ತೋರಿಸಿ, ಬಾಗಿಲ ಕಡೆಗೆ ಬೆರಳು ಮಾಡಿದ. ಒಳಗೆ ಬಂದು ಒತ್ತು ಎಂದು. ಅವಳು ಕದಲಲಿಲ್ಲ. ಅವನು ಹೆಬ್ಬೆರಳು ಎತ್ತಿ ಮತ್ತೊಮ್ಮೆ ತೋರಿಸಿದ. ಅವನ ಬಾಯಿ ಬಲಕ್ಕೆ ಸೊಟ್ಟಗಾಯಿತು.

ಗೋಡೆಯ ಬದಿಗೆ ಮಗ್ಗಕ್ಕೆ ಹಚ್ಚುವ ಗ್ರೀಸಿನ ಡಬ್ಬಿ ಇತ್ತು. ಯಮುನವ್ವ ಬಗ್ಗಿ ಬಲಗೈಯನ್ನು ಮಣಿಕಟ್ಟಿನವರೆಗೆ ಅದರಲ್ಲಿ ಅದ್ದಿದಳು.

“ಹೆಬ್ಬಟ್ಟ ಒಂದ ಯಾಕ್ರಿ?” ಎಂದಳು. ಯಾರಿಗೂ ಕೇಳಿಸಲಿಲ್ಲ. “ಐದೂ ತಗೋರಿ.”

ಅಂಗೈ ಗಾಜಿನ ಮೇಲೆ ಬಿತ್ತು. ಐದು ಬೆರಳು ಮೂಡಿದವು, ಒಂದು ಸೊಟ್ಟ. ಅವಳು ಕೈ ತೆಗೆಯಲಿಲ್ಲ, ಒತ್ತಿ ಎಳೆದಳು. ಮೊದಲು ಮರಾಠಿಯ ಕಾಗದ ಕಪ್ಪಾಯಿತು, ನಂತರ ಗಾಜಿನಾಚೆಯ ಸಿದ್ದರಾಯನ ಹಣೆ, ನಂತರ ಆಬಾಸಾಹೇಬನ ಬಿಳಿ ಅಂಗಿ. ಡಬ್ಬಿಗೆ ಮತ್ತೆ ಕೈ ಅದ್ದಿ ಉಳಿದ ಮೂಲೆಗಳನ್ನೂ ಬಳಿದಳು, ಹಬ್ಬಕ್ಕೆ ನೆಲ ಸಾರಿಸುವಷ್ಟು ನಿಧಾನವಾಗಿ. ಗಾಜು ಗೋಡೆಯಾಯಿತು. ಇನ್ನು ಯಾರ ಬೆರಳೂ ಆ ಕಡೆಗೆ ಕಾಣುವಂತಿರಲಿಲ್ಲ.

ಬಾಗಿಲು ಬಡಿದು ತೆರೆಯಿತು. ಸಿದ್ದರಾಯ ಶೆಡ್ಡಿನೊಳಗೆ ನುಗ್ಗಿ, ಸಾಲಿನ ಮುಂದೆ ನಿಂತು, ಕೊರಳ ನರ ಉಬ್ಬಿಸಿ ಕೂಗತೊಡಗಿದ. ನಂಬರು ಕೇಳುತ್ತಿದ್ದನೋ, ಅವಳನ್ನು ಹೊರಗೆ ದಬ್ಬಿರೆಂದು ಹೇಳುತ್ತಿದ್ದನೋ. ನಲವತ್ತೆಂಟು ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅವನು ಅಂಗೈ ಎತ್ತಿ, ಬೆರಳುಗಳನ್ನು ಎರಡು ಸಲ ಮಡಚಿದ. ಸಾಲಿನಲ್ಲಿ ಎರಡನೆಯವಳು ಅಲಕಾ. ಅವಳು ಬೆಳಗುತ್ತಿದ್ದ ಫೋನನ್ನು ಒಮ್ಮೆ ನೋಡಿ, ಕುಪ್ಪಸದೊಳಗೆ ಸೇರಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ಹಿಂದಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮರುದಿನ ಮಂಗಳವಾರ, ಠಾಣೆಗೆ ಹೋಗಬೇಕು, ಚಿಟ್ಟಿ ಇಲ್ಲ. ಯಮುನವ್ವ ತನ್ನ ಯಂತ್ರದ ಮುಂದೆ ಕುಳಿತು, ಗ್ರೀಸಿನ ಕೈಯಿಂದಲೇ ಬಿಳಿಯ ನೂಲಿನ ಎಳೆಯನ್ನು ಹಿಡಿದಳು. ನೂಲು ಕಪ್ಪಾಗುತ್ತ ಸುತ್ತತೊಡಗಿತು. ಸಿದ್ದರಾಯ ಅವಳ ಮುಖದಿಂದ ಗೇಣು ದೂರಕ್ಕೆ ಬಗ್ಗಿ ಬಾಯಿ ತೆರೆದು ಮುಚ್ಚುತ್ತಿದ್ದ. ಅವಳು ಅವನ ತುಟಿಯ ಕಡೆಗೆ ನೋಡಲಿಲ್ಲ.