ಕುಂಟು ಕುದುರೆ

ತೀರಿಕೊಂಡ ಅಜ್ಜನಿಗೆ ತೊಡಿಸಿದ್ದ ಅಂಗಿಗೆ ಕೊನೆಯ ಗುಂಡಿ ಹೊಲಿದು ಟೈಲರಕ್ಕ ಹಲ್ಲಿನಿಂದ ದಾರ ಕಡಿದಳು. ಗುಂಡಿ ಕಿತ್ತುಹೋಗಿದೆ ಎಂದು ಅಜ್ಜಿ ಹೇಳಿಕಳಿಸದಿದ್ದರೆ ಈ ಸಾವಿನ ಮನೆಗೆ ಬರುವ ಧೈರ್ಯ ಅವಳಿಗೆಲ್ಲಿತ್ತು? ಮೂರು ದಿನ ಹಾಡಿದರೂ ಮುಗಿಯದ ರಾಣಿಯ ಕತೆಯನ್ನು, ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಲೇ ಅವಳಿಗೆ ಬಾಯಿಂದ ಬಾಯಿಗೆ ಕಲಿಸಿದವರು ಅಜ್ಜ. ಅವರಿಗೆ ಅವಳು ಮುಖ ತೋರಿಸಿ ಒಂಬತ್ತು ವರ್ಷವಾಗಿತ್ತು.

ಹೊರಗೆ ಡೋಲಿನವನು ಯಾರಿಗೋ ಹೇಳುತ್ತಿದ್ದ: “ಏನೇ ಹೇಳಿ, ಆ ಕುಂಟು ಕುದುರೆ ಭಾಗ ಅಜ್ಜನ ಬಾಯಲ್ಲೇ ಕೇಳ್ಬೇಕಿತ್ತು.”

ಅವಳ ಕೈಯಿಂದ ಸೂಜಿ ಜಾರಿತು.

*

ಒಂಬತ್ತು ವರ್ಷದ ಹಿಂದೆ ಅವಳು ಮೊದಲ ಸಲ ಒಬ್ಬಳೇ ಹಾಡಲು ನಿಂತಿದ್ದಳು. ಅಜ್ಜ ಮುಂದಿನ ಸಾಲಿನಲ್ಲೇ ಕೂತಿದ್ದರು. ರಾಣಿ ನದಿ ದಾಟಿದಳು, ಅಷ್ಟೇ; ಮುಂದಿನದೆಲ್ಲ ತಲೆಯಿಂದ ಹಾರಿಹೋಯಿತು. ತಾಳ ನಿಲ್ಲಿಸುವಂತಿಲ್ಲ. ಬಾಯಿಗೆ ಬಂದದ್ದನ್ನು ಹಾಡಿಬಿಟ್ಟಳು: ಕುದುರೆಯ ಕಾಲಿಗೆ ಮುಳ್ಳು ಚುಚ್ಚಿತು, ಕುದುರೆ ಕುಂಟಿತು. ಕತೆಯಲ್ಲಿ ಗಾಳಿಯನ್ನೇ ಹಿಂದೆ ಹಾಕುವ ಕುದುರೆ ಅದು. ಅಜ್ಜ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು. ಅವತ್ತಿನಿಂದ ಅವಳು ಹಾಡಿರಲಿಲ್ಲ, ಹಾಡು ನಡೆಯುವ ಕಡೆಗೂ ಹೋಗಿರಲಿಲ್ಲ.

*

“ಅಜ್ಜಿ, ಅವತ್ತು ಅವರಿಗೆ ತುಂಬಾ ಸಿಟ್ಟು ಬಂದಿತ್ತಲ್ವಾ?” ಸೂಜಿ ಹೆಕ್ಕುತ್ತ ಟೈಲರಕ್ಕ ಕೇಳಿದಳು.

“ಸಿಟ್ಟಾ? ಬರೆಯೋಕೆ ಎಲ್ಲಿ ಬರ್ತಿತ್ತೇ ಅವರಿಗೆ? ಎಲ್ಲಿ ಮರೆತುಹೋಗುತ್ತೋ ಅಂತ ನಿನ್ನ ಸಾಲನ್ನೇ ಗುನುಗ್ತಾ ಓಡೋಡಿ ಬಂದ್ರು. ಊಟಕ್ಕೆ ಕರೆದ್ರೆ ಸುಮ್ನಿರು ಅಂತ ಕೈ ತೋರಿಸಿದ್ರು. ಆಮೇಲೆ ಎಲ್ಲೇ ಹಾಡಿದ್ರೂ ಕುದುರೆ ಕುಂಟ್ಲೇಬೇಕು. ನೂರು ಸಾಲಿಗೆ ಬೆಳೆಸಿದ್ರು.”

“ನನಗೊಂದು ಮಾತು ಹೇಳಬಾರದಿತ್ತಾ?”

“ನಾನೂ ಬಡ್ಕೊಂಡೆ, ಹೋಗಿ ಕರ್ಕೊಂಡು ಬನ್ನಿ ಅಂತ. ‘ಅವಳ ಕುದುರೆ ಕದ್ದೋನು ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂತಿದ್ರು. ಇಬ್ಬರಿಗೂ ಬುದ್ಧಿ ಇಲ್ಲ.”

ಟೈಲರಕ್ಕನಿಗೆ ನಗು ಬಂತು, ನಗುತ್ತಲೇ ಅತ್ತಳು. ಒಂಬತ್ತು ವರ್ಷ ದಂಡವಾಯಿತಲ್ಲ ಅಂದುಕೊಂಡಳು. ಆದರೂ ಎದೆ ಎಷ್ಟು ಹಗುರವಾಗಿತ್ತೆಂದರೆ, ಅಜ್ಜನ ಮುಖವನ್ನು ಈಗ ನೇರವಾಗಿ ನೋಡಿದಳು.

“ಹಾಡ್ತೀಯಾ?” ಅಂದರು ಅಜ್ಜಿ.

“ಅವರ ನೂರು ಸಾಲು ನಾನು ಕೇಳೇ ಇಲ್ಲವಲ್ಲ.”

“ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಅವರೇ ಹಾಡಿದ್ದು ಉಂಟಾ? ಹೋಗು.”

ನಾಲ್ವರು ಅಜ್ಜನನ್ನು ಹೊತ್ತು ಬೀದಿಗಿಳಿದರು. ಅವಳು ಡೋಲಿನವನ ಪಕ್ಕ ನಡೆಯುತ್ತ ದನಿ ತೆಗೆದಳು. ರಾಣಿ ನದಿ ದಾಟಿದಳು. ಕುದುರೆ ಕುಂಟಿತು. ರಾಣಿ ಕೆಳಗಿಳಿದು ಲಗಾಮು ಹಿಡಿದಳು. ಮುಂದಿನ ಸಾಲು ಇನ್ನೂ ಹುಟ್ಟಿರಲಿಲ್ಲ. ಡೋಲು ನಿಲ್ಲಲಿಲ್ಲ, ಹೊತ್ತವರು ಹೆಜ್ಜೆ ಸಣ್ಣದು ಮಾಡಿ, ಅದಕ್ಕಾಗಿ ಕಾದರು.