ಮಾವನ ಹೆಸರಿನಲ್ಲಿ ಬಂದ ಬೊಬ್ಬೆ

೧
ಇದನ್ನು ಎಲ್ಲಿಂದ ಶುರು ಮಾಡಲಿ? ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕೇಂದ್ರದಿಂದಲೇ ಮಾಡೋಣ. ಒಂದು ಕೋಣೆಯಲ್ಲಿ ಕಾವು ಪೆಟ್ಟಿಗೆಗಳು, ಪಕ್ಕದಲ್ಲಿ ಕಂಪ್ಯೂಟರ್, ಅದರ ಮುಂದೆ ಉಗುರು ಕಚ್ಚುತ್ತ ಕೂತ ನಮ್ಮ ನಾಯಕಿ. (ಮೊದಲ ಡ್ರಾಫ್ಟಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆ ಕೋಣೆಗೆ ಕಿಟಕಿಯೇ ಇಲ್ಲವೆಂದು ಅವಳೇ ಹೊಡೆದು ಹಾಕಿಸಿದಳು.) ಎಲ್ಲರೂ ಅವಳನ್ನು ಕರೆಯುವುದು ಗಡಿಬಿಡಿ ಎಂದು.

೨
ಸ್ವಲ್ಪ ಟೆಕ್ನಿಕಲ್ ವಿಷಯ, ಆಕಳಿಸಬೇಡಿ. ಅಲ್ಲಿನ ಪ್ರೋಗ್ರಾಮುಗಳು ತಮ್ಮ ಸುಖದುಃಖವನ್ನೆಲ್ಲ ದಿನಚರಿಯಂಥ ಸಿಸ್ಟಮ್ ಲಾಗ್‌ಗೆ ಹೇಳಿಕೊಳ್ಳುತ್ತವೆ. ಪ್ರತಿ ಮಾತಿನ ಮೊದಲಿಗೂ ಹೇಳಿದ ಪ್ರೋಗ್ರಾಮಿನ ಹೆಸರು ಇರುತ್ತದೆ. ಆ ಹೆಸರನ್ನು ಸ್ಕ್ರಿಪ್ಟ್ (ಅಂದರೆ ಪುಟ್ಟ ಪ್ರೋಗ್ರಾಮು) ಬರೆದವರೇ ಅದರ ಒಂದು ಸಾಲಿನಲ್ಲಿ ತಿಳಿಸಿರುತ್ತಾರೆ. ಪೆಟ್ಟಿಗೆಗಳ ಕಾವು ನೋಡುವ ಪೈಥಾನ್ ಭಾಷೆಯ ಸ್ಕ್ರಿಪ್ಟ್ ಗಡಿಬಿಡಿಯ ಸೋದರಮಾವನದು. ಅವಳಿಗೆ ಕೆಲಸ ಕಲಿಸಿದವರೂ ಅವರೇ. ತೇವ ನೋಡುವ ಸ್ಕ್ರಿಪ್ಟ್ ಬೇಕಾದಾಗ ಅವಳು ಮಾವನದನ್ನೇ ಕಾಪಿ ಮಾಡಿ, ಒಳಗಿದ್ದದ್ದನ್ನೆಲ್ಲ ಬದಲಾಯಿಸಿ, ಹೆಸರಿನ ಸಾಲನ್ನು ಮಾತ್ರ ಮರೆತು ಹಾಗೇ ಬಿಟ್ಟಳು.

ಅವಳ ಲೆಕ್ಕ ಎಲ್ಲೋ ತಪ್ಪಿತ್ತು. ಸ್ಕ್ರಿಪ್ಟ್ ದಿನವಿಡೀ ಅಪಾಯ ಅಪಾಯ, ದಯವಿಟ್ಟು ಬೇಗ ಬನ್ನಿ ಪ್ಲೀಸ್ ಎಂದು ಸುಳ್ಳೇ ಬೊಬ್ಬೆ ಹೊಡೆಯಿತು. ಲಾಗ್‌ನಲ್ಲಿ ಕಂಡದ್ದು ಮಾವನ ಪ್ರೋಗ್ರಾಮಿನ ಹೆಸರು.

೩
"ದಿನವಿಡೀ ಸುಳ್ಳು ಬೊಬ್ಬೆ! ನಿಮ್ಮ ಮಾವನ ಕೈಲಿ ಇನ್ನು ಆಗಲ್ಲ ಕಣಮ್ಮ. ನಾಳೆಯಿಂದ ಪೆಟ್ಟಿಗೆ ಕೆಲಸ ಎಲ್ಲ ನೀನೇ ನೋಡ್ಕೋ," ಎಂದರು ಮ್ಯಾನೇಜರಮ್ಮ. ಗಡಿಬಿಡಿ ಖುಷಿಯಿಂದ ಬಂದು ಲಾಗ್ ತೆರೆದಳು. ಬೊಬ್ಬೆಯೆಲ್ಲ ತನ್ನ ಸ್ಕ್ರಿಪ್ಟಿನದು, ಹೆಸರು ಮಾತ್ರ ಮಾವನದು ಎಂದು ಕಂಡು ಮುಖ ಸಪ್ಪಗಾಯಿತು.

೪
ಇಲ್ಲಿಗೊಂದು ಅಂತ್ಯ ರೆಡಿ ಇದೆ: ಸದ್ದಿಲ್ಲದೆ ಆ ಹೆಸರಿನ ಸಾಲು ತಿದ್ದುತ್ತಾಳೆ, ಮಾವನ ಕುರ್ಚಿಯಲ್ಲಿ ಕೂರುತ್ತಾಳೆ.

"ಥೂ! ನನ್ನನ್ನ ಏನಂದ್ಕೊಂಡಿದೀರಿ?" ಎಂದು ಅವಳು ನನ್ನ ಮೇಲೇ ಹರಿಹಾಯ್ದಳು.

"ಹಾಗಾದ್ರೆ ಮಾವನ ಕಾಲಿಗೆ ಬಿದ್ದು ಅಳು."

"ಸಿನಿಮಾನಾ ಇದು?"

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತವೆ.)

೫
ಅಷ್ಟರಲ್ಲಿ ಮಾವನೇ ಬಂದರು.

"ಮಾವ, ಲಾಗ್ ನೋಡಿದ್ರಾ?"

"ನೋಡ್ದೆ. ನನ್ನ ಪ್ರೋಗ್ರಾಮು ಯಾವತ್ತಾದ್ರೂ 'ದಯವಿಟ್ಟು ಬೇಗ ಬನ್ನಿ ಪ್ಲೀಸ್' ಅಂದಿದ್ಯಾ ಪುಟ್ಟಿ? ಅದು ನಿನ್ನ ಭಾಷೆ."

"ಮತ್ತೆ ಮೇಡಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಮಾವ ನಗಲು ನೋಡಿದರು, ಆಗಲಿಲ್ಲ. ಅವರಿಗೆ ನೋವಾಗಿತ್ತು. ಅದನ್ನು ತಮಾಷೆ ಮಾಡಿ ಮುಚ್ಚಲು ನನಗೂ ಮನಸ್ಸಾಗಲಿಲ್ಲ.

೬
ಮ್ಯಾನೇಜರಮ್ಮನ ಬಾಗಿಲ ಹೊರಗೆ ಅವಳಿಗೊಂದು ಚಂದದ ಡೈಲಾಗ್ ಬರೆದುಕೊಟ್ಟೆ. ಎಲ್ಲಿ ಗದ್ಗದಿಸಬೇಕೆಂದೂ ಗುರುತು ಹಾಕಿದ್ದೆ. ಓದಿ ವಾಪಸ್ ಕೊಟ್ಟಳು.

"ನೀವು ಬರೆದದ್ದನ್ನ ನಾನು ಹೇಳಿದ್ರೆ, ಮತ್ತೆ ಒಬ್ಬರ ಮಾತು ಇನ್ನೊಬ್ಬರ ಹೆಸರಲ್ಲಿ ಹೋದ ಹಾಗಾಯ್ತು. ನೀವು ಇಲ್ಲೇ ಇರಿ."

ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅವಳ ಕೆಲಸ ಉಳಿಯಿತೋ, ಮಾವನಿಗೆ ಪೆಟ್ಟಿಗೆಗಳು ಮರಳಿ ಸಿಕ್ಕವೋ, ನನ್ನನ್ನು ಕೇಳಬೇಡಿ. ಬೇಕಾದರೆ ನೀವೂ ಬಾಗಿಲಿಗೆ ಕಿವಿ ಕೊಡಿ. ನನಗೆ ಕೇಳಿಸಿದ್ದು ಇಷ್ಟೇ: "ಮೇಡಂ, ಅದು ಮಾವನದಲ್ಲ. ನಂದು."

ಆ ಮಾತನ್ನು ನಾನು ಬರೆದಿರಲಿಲ್ಲ.